ಹೊಸ ಬೇರಿಂಗ್, ಹಳೆಯ ಕಪ್: ದೋಣಿ ಟ್ರೈಲರ್ ಇರುವವರಿಗೆ ಒಂದು ಎಚ್ಚರಿಕೆ

ದೋಣಿ ಸಾಗಿಸುವ ಟ್ರೈಲರಿನ ಚಕ್ರದ ಬೇರಿಂಗುಗಳನ್ನು ಗ್ಯಾರೇಜಿನಲ್ಲಿ ಬದಲಿಸಿಕೊಳ್ಳುವವರು, ಹಣ ಕೊಟ್ಟು ಹೊರಡುವ ಮುನ್ನ, ಬಿಚ್ಚಿ ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದು ಎಣಿಸಿ ನೋಡಬೇಕೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಚಕ್ರದ ನಡುವಿನ ಒಂದೊಂದು ಹಬ್‌ನಿಂದ ಎರಡು ಬೇರಿಂಗ್, ಅವು ಉರುಳುವ ಎರಡು ಕಪ್ (ಉಕ್ಕಿನ ಹೊರಬಳೆ), ನೀರು ಒಳಹೋಗದಂತೆ ಗ್ರೀಸ್ ಸೋರದಂತೆ ತಡೆಯುವ ಹಿಂಬದಿಯ ಒಂದು ಸೀಲ್ ಮತ್ತು ನಟ್ ಕಳಚದಂತೆ ಹಿಡಿಯುವ ಒಂದು ಸ್ಪ್ಲಿಟ್ ಪಿನ್ ಹೊರಬರಬೇಕು. ನನ್ನ ಟ್ರೈಲರಿನಿಂದ ಹೊರಬಂದಿದ್ದು ಬೇರಿಂಗುಗಳು ಮಾತ್ರ. ಅದು ಗೊತ್ತಾದದ್ದು ಎಡಚಕ್ರದ ಹಬ್ ಹೆದ್ದಾರಿಯ ಬದಿಯಲ್ಲಿ ಹೊಗೆಯಾಡುತ್ತ ನಿಂತ ಮೇಲೆ.

ಬಹುಕಾಲ ನಿಂತೇ ಇದ್ದ ಟ್ರೈಲರನ್ನು ದೂರದ ಪ್ರಯಾಣಕ್ಕೆ ಸಿದ್ಧಗೊಳಿಸುವ ಕೆಲಸವನ್ನು, ಕಾರುಗಳ ದುರಸ್ತಿಯಲ್ಲಿ ಒಳ್ಳೆಯ ಹೆಸರಿದ್ದ ಗ್ಯಾರೇಜೊಂದಕ್ಕೆ ಒಪ್ಪಿಸಿದ್ದೆ. ‘ಎರಡೂ ಕಡೆ ಬೇರಿಂಗ್ ಸೆಟ್ ಬದಲಾವಣೆ’ ಎಂದು ಬಿಲ್ಲಿನಲ್ಲಿ ಬರೆದಿತ್ತು. ಮೊದಲ ಪ್ರಯಾಣದಲ್ಲೇ, ದೋಣಿ ನೀರಿಗೆ ಇಳಿಯುವುದಕ್ಕೂ ಮೊದಲೇ, ಎಡಬದಿಯಿಂದ ಲೋಹ ಉಜ್ಜುವ ಸದ್ದು ಬರತೊಡಗಿತು. ಗಾಡಿ ನಿಲ್ಲಿಸಿ ನೋಡಿದಾಗ ಹಬ್‌ನ ಮುಚ್ಚಳ ಹಾರಿಹೋಗಿತ್ತು, ಚಕ್ರ ಒಳಕ್ಕೆ ವಾಲಿತ್ತು. ಬೇರೊಬ್ಬ ಮೆಕ್ಯಾನಿಕ್ ಬಂದು ಬಿಚ್ಚಿದಾಗ ಹೊರಗಿನ ಬೇರಿಂಗಿನಲ್ಲಿ ರೋಲರುಗಳನ್ನು ಹಿಡಿದಿಡುವ ಪಂಜರ ಚೂರುಚೂರಾಗಿತ್ತು. ರೋಲರುಗಳು ಕಾದು ನೀಲಿಗಟ್ಟಿದ್ದವು. ಒಳಬಳೆ ಸ್ಪಿಂಡಲ್‌ಗೆ (ಹಬ್ ಕೂರುವ ಆಕ್ಸಲ್ ತುದಿಗೆ) ಬೆಸುಗೆ ಹಾಕಿದಂತೆ ಅಂಟಿಕೊಂಡಿತ್ತು. ಇನ್ನಷ್ಟು ದೂರ ಎಳೆದಿದ್ದರೆ ಚಕ್ರವೇ ಕಳಚಿ ಎದುರಿನ ವಾಹನದತ್ತ ಉರುಳುತ್ತಿತ್ತು.

ಎಡಹಬ್ ಸುಟ್ಟು ಹೋಗಿದ್ದರಿಂದ ಅದರಲ್ಲಿ ಸಾಕ್ಷಿ ಉಳಿದಿರಲಿಲ್ಲ. ನಡೆದದ್ದನ್ನು ಹೇಳಿದ್ದು ಇನ್ನೂ ಓಡುತ್ತಿದ್ದ ಬಲಹಬ್. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ, ಹೊಳೆಯುವ ಹೊಸ ರೋಲರುಗಳ ಸುತ್ತ ಹಳೆಯ ಕಪ್‌ಗಳೇ ಕಾಣಿಸಿದವು. ಕಪ್‌ನ ಒಳಮೈಯಲ್ಲಿ ಸಮಾನ ಅಂತರದಲ್ಲಿ ತುಕ್ಕಿನ ಅಡ್ಡಗೆರೆಗಳಿದ್ದವು. ನೀರು ಹೊಕ್ಕ ಟ್ರೈಲರ್ ತಿಂಗಳುಗಟ್ಟಲೆ ಅಲುಗಾಡದೆ ನಿಂತಾಗ, ಪ್ರತಿಯೊಂದು ರೋಲರೂ ತಾನು ಕುಳಿತ ಜಾಗದಲ್ಲಿ ಬಿಡುವ ಗುರುತು ಅದು. ಹೊಸ ಕಪ್‌ನಲ್ಲಿ ಅದು ಇರುವುದು ಸಾಧ್ಯವೇ ಇಲ್ಲ. ಟೇಪರ್ ರೋಲರ್ ಬೇರಿಂಗಿನಲ್ಲಿ ರೋಲರುಗಳಿರುವ ಕೋನ್ ಮತ್ತು ಹಬ್‌ಗೆ ಬಿಗಿಯಾಗಿ ಬಡಿದು ಕೂರಿಸುವ ಕಪ್ ಒಂದೇ ಜೋಡಿ. ಗುಳಿಬಿದ್ದ ಕಪ್‌ನ ಮೇಲೆ ಉರುಳುವ ಹೊಸ ರೋಲರು ಬೇಗನೆ ಅದೇ ಗಾಯವನ್ನು ತನ್ನ ಮೈಮೇಲೂ ತಂದುಕೊಳ್ಳುತ್ತದೆ. ಹಬ್ ಬಿಚ್ಚಿ ಸೀಲ್ ತೆಗೆದ ಮೇಲೆ ಕೋನ್ ಬದಲಿಸುವುದು ಕೈಯಿಂದ ಎತ್ತಿ ಇಡುವಷ್ಟು ಸುಲಭ. ಕಪ್ ಬದಲಿಸಲು ಹಳೆಯದನ್ನು ಹಬ್‌ನಿಂದ ಬಡಿದು ತೆಗೆದು, ಹೊಸದನ್ನು ಓರೆಯಾಗದಂತೆ ತಳಕ್ಕೆ ತಾಗುವವರೆಗೂ ಕೂರಿಸಬೇಕು. ಅದನ್ನು ಏಕೆ ಕೈಬಿಟ್ಟರೆಂದು ಊಹಿಸುವುದು ಕಷ್ಟವಲ್ಲ.

ಆದರೂ ಎಡಚಕ್ರ ಅಷ್ಟು ಬೇಗ ಸುಡಲು ಕಪ್ ಒಂದೇ ಕಾರಣವಲ್ಲವೆಂದು ನನಗನ್ನಿಸುತ್ತದೆ. ಬಲಬದಿಯ ಸ್ಪಿಂಡಲ್ ನಟ್ ಬಿಚ್ಚಲು ಉದ್ದ ಹಿಡಿಯ ಸ್ಪ್ಯಾನರ್ ಬೇಕಾಯಿತು. ಆಧುನಿಕ ಕಾರುಗಳ ಮೊಹರಾದ ಹಬ್ ಯೂನಿಟ್‌ಗಳಲ್ಲಿ ನಟ್ಟನ್ನು ಭಾರಿ ಬಲದಿಂದ ಬಿಗಿಯುವುದೇ ಸರಿಯಾದ ಕ್ರಮ. ಅದೇ ಕೈರೂಢಿಯನ್ನು ಟ್ರೈಲರಿಗೆ ತಂದರೆ ಬೇರಿಂಗಿಗೆ ಉಳಿಗಾಲವಿಲ್ಲ. ಇಲ್ಲಿ ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಸುಮಾರು 68 ನ್ಯೂಟನ್ ಮೀಟರಿನವರೆಗೆ ಬಿಗಿದು, ಭಾಗಗಳೆಲ್ಲ ತಮ್ಮ ಜಾಗದಲ್ಲಿ ಕುಳಿತ ಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ತಿರುಗಿಸಿ ತಾಗಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚುವುದು ಸಾಮಾನ್ಯ ಆಕ್ಸಲ್‌ಗಳಿಗೆ ತಯಾರಕರು ಹೇಳುವ ವಿಧಾನ. ಕೊನೆಯಲ್ಲಿ 0.025ರಿಂದ 0.25 ಮಿಲಿಮೀಟರಿನಷ್ಟು ಆಟ (ಹಬ್ ಒಳಗೂ ಹೊರಗೂ ಅಲುಗುವ ಸಡಿಲ) ಉಳಿದಿರಲೇಬೇಕು. ಬಿಗಿಯಾಗಿದ್ದಷ್ಟೂ ಭದ್ರ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಸೀಲ್ ಕೂಡ ಹಳೆಯದೇ, ಅದರ ತುಟಿ ಹರಿದಿತ್ತು. ಒಳಗೆ ಎರಡು ಬಣ್ಣದ ಗ್ರೀಸ್ ಬೆರೆತಿತ್ತು. ಬಣ್ಣ ನೋಡಿ ಗ್ರೀಸಿನ ಜಾತಿ ಹೇಳಲಾಗದು, ನಿಜ. ಆದರೆ ಲಿಥಿಯಂ ಗ್ರೀಸಿನ ಜೊತೆ ಪಾಲಿಯೂರಿಯಾ ಅಥವಾ ಜೇಡಿ ಆಧಾರಿತ ಗ್ರೀಸ್ ಬೆರೆತರೆ ಮಿಶ್ರಣ ತೆಳುವಾಗಿ ಸೋರಿಹೋಗಬಹುದು. ಆದ್ದರಿಂದಲೇ ಹಳೆಯದನ್ನು ಪೂರ್ತಿ ತೊಳೆದು ತೆಗೆಯದೆ ಹೊಸದನ್ನು ತುಂಬಬಾರದು.

ವಿಚಾರಿಸಿದಾಗ ಗ್ಯಾರೇಜಿನವರು ಕೊಟ್ಟ ಉತ್ತರ, ‘ನೀರಿಗಿಳಿಸುವ ಟ್ರೈಲರಿಗೆ ಹೀಗಾಗುವುದು ಸಹಜ ಸರ್’ ಎಂಬುದು. ಮಾತಿನಲ್ಲಿ ಅರ್ಧ ಸತ್ಯವಿದೆ. ಓಡಿ ಬಿಸಿಯಾದ ಹಬ್ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿಯೇ ನೀರಿಗಿಳಿಸುವ ಮೊದಲು ಹಬ್ ತಣಿಯಲು ಬಿಡಬೇಕು. ಆದರೆ ನನ್ನ ಟ್ರೈಲರ್ ದುರಸ್ತಿಯ ನಂತರ ನೀರನ್ನೇ ಮುಟ್ಟಿರಲಿಲ್ಲ. ಮೇಲಾಗಿ, ನೀರು ಹೊಗುವ ಟ್ರೈಲರೆಂದು ಬಲ್ಲವರು ಹರಿದ ಸೀಲನ್ನು ಮರಳಿ ಹಾಕುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಈಗ ನಾನು ಬಿಲ್ಲಿನಲ್ಲಿ ‘ಸೆಟ್’ ಎಂಬ ಪದವನ್ನು ಒಪ್ಪುವುದಿಲ್ಲ. ಕೋನ್ ಮತ್ತು ಕಪ್ ಎರಡರ ಸಂಖ್ಯೆಯನ್ನೂ ಬರೆಸುತ್ತೇನೆ. ಉದಾಹರಣೆಗೆ, 3,500 ಪೌಂಡ್ ಭಾರ ಹೊರುವ ಬಹುಪಾಲು ಆಕ್ಸಲ್‌ಗಳಲ್ಲಿ ಒಳಗಡೆ ಎಲ್68149 ಕೋನ್‌ಗೆ ಎಲ್68111 ಕಪ್, ಹೊರಗಡೆ ಎಲ್44649 ಕೋನ್‌ಗೆ ಎಲ್44610 ಕಪ್ ಇರುತ್ತವೆ. ನಿಮ್ಮ ಆಕ್ಸಲ್‌ನದು ಬೇರೆಯಾಗಿರಬಹುದು, ಹಳೆಯ ಬೇರಿಂಗಿನ ಮೇಲೆ ಕೊರೆದಿರುವುದನ್ನು ನೋಡಿಯೇ ಕೊಳ್ಳಿ. ಕೆಲಸ ಮುಗಿದ ಮೇಲೆ ಜ್ಯಾಕ್ ಹಾಕಿ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಬೇಕು, ತಿರುಗಿಸಿ ಕಿವಿಗೊಡಬೇಕು. ಕೈಬಿಟ್ಟೊಡನೆ ಹಿಡಿದಂತೆ ನಿಲ್ಲುವ ಚಕ್ರ, ಬ್ರೇಕ್ ಉಜ್ಜುತ್ತಿಲ್ಲವಾದರೆ, ಅತಿಬಿಗಿಯ ಲಕ್ಷಣ. ಮೊದಲ ಹತ್ತು ಹದಿನೈದು ಕಿಲೋಮೀಟರಿಗೆ ನಿಲ್ಲಿಸಿ ಎರಡೂ ಹಬ್‌ಗಳ ಬಳಿ ಮೊದಲು ಕೈ ಒಡ್ಡಿ, ಆಮೇಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ, ಮುಂದೆ ಎಳೆಯಬೇಡಿ. ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳ ಹಾಕಿಕೊಟ್ಟು ‘ಇನ್ನು ಚಿಂತೆಯಿಲ್ಲ’ ಎನ್ನುವವರೂ ಇದ್ದಾರೆ. ಅದು ನೀರನ್ನು ತಡೆಯಲು ನೆರವಾಗುತ್ತದೆ, ಆದರೆ ಅತಿಯಾಗಿ ಗ್ರೀಸ್ ಒತ್ತಿದರೆ ಹಿಂದಿನ ಸೀಲೇ ಕಿತ್ತು ಬರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಕೆಲಸವೂ ತಪ್ಪುವುದಿಲ್ಲ.

ಕಾದು ನೀಲಿಗಟ್ಟಿದ ಸ್ಪಿಂಡಲನ್ನು ಉಜ್ಜಿ ನಯಗೊಳಿಸಿ ಮತ್ತೆ ಬಳಸಬಹುದೆಂದು ಕೆಲವರು ಹೇಳಿದರು. ಕಾವಿನಿಂದ ಉಕ್ಕಿನ ಗಟ್ಟಿತನವೇ ಬದಲಾಗಿರುವ ಸಾಧ್ಯತೆ ಇರುವುದರಿಂದ ಒಪ್ಪದೆ ಆಕ್ಸಲನ್ನೇ ಬದಲಿಸಿದೆ. ಬಲಹಬ್‌ನ ಕಪ್‌ಗಳ ಚಿತ್ರಗಳನ್ನು ತೋರಿಸಿದ ಮೇಲೆ ಗ್ಯಾರೇಜಿನವರು ಬೇರಿಂಗಿನ ಹಣವನ್ನೂ ಕೂಲಿಯನ್ನೂ ಹಿಂದಿರುಗಿಸಿದರು. ಆಕ್ಸಲ್‌ನ ಖರ್ಚು ನನ್ನ ಮೇಲೆಯೇ ಬಿತ್ತು.