ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಕಲ್ಲಿದ್ದಲು ಎಸ್ಟೇಟು

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಈ ಹಳೆ ಪುಸ್ತಕದಂಗಡಿಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್.

ನಾನು ಮಂಡ್ಯದ ಕಡೆಯವನು, ಕಬ್ಬು ಭತ್ತ ನೋಡಿಕೊಳ್ಳುತ್ತೇನೆ. ಜಮೀನು ನಿರ್ವಹಣೆಯ ಪುಸ್ತಕ ಕೇಳಿದರೆ ಅಂಗಡಿಯವರು 18ನೇ ಶತಮಾನದ ಇಂಗ್ಲೆಂಡಿನ ಎಸ್ಟೇಟುಗಳ ಬಗ್ಗೆ ಒಂದು ದಪ್ಪ ಪುಸ್ತಕ ಕೊಟ್ಟರು. 200 ರೂಪಾಯಿ. ಆಗ ಅಲ್ಲಿ ಸಾಮಾನ್ಯವಾಗಿ ನೆಲ ಯಾರದೋ, ಕೆಳಗಿನ ಕಲ್ಲಿದ್ದಲೂ ಅವರದೇ. ಚಿನ್ನ, ಬೆಳ್ಳಿ ಮಾತ್ರ ರಾಜನಿಗೆ.

ಮ್ಯಾಂಚೆಸ್ಟರ್ ಹತ್ತಿರದ ವರ್ಸ್ಲಿ ಎಸ್ಟೇಟಿನ ಅಧ್ಯಾಯ ಒಂದಕ್ಕೇ ದುಡ್ಡು ವಸೂಲ್. ಅಲ್ಲಿನ ಜಮೀನ್ದಾರ ಬ್ರಿಜ್‌ವಾಟರ್ ಡ್ಯೂಕ್‌ನ ಗಣಿಗಳಲ್ಲಿ ನೀರಿನ ಕಾಟ. ಅವನ ಎಸ್ಟೇಟು ನೋಡಿಕೊಳ್ಳುತ್ತಿದ್ದ ಏಜೆಂಟ್ ಜಾನ್ ಗಿಲ್ಬರ್ಟ್ ಲೆಕ್ಕ ಬರೆದು ಸುಮ್ನೆ ಕೂರುವ ಶಾನುಭೋಗನಲ್ಲ (ನಮ್ಮ ತಾತ ಶಾನುಭೋಗರೇ, ಕ್ಷಮಿಸಲಿ). ಕಾಟ ಕೊಡುತ್ತಿದ್ದ ನೀರನ್ನೇ ಕಲ್ಲಿದ್ದಲು ಸಾಗಿಸುವ ಕಾಲುವೆಗೆ ಬಿಟ್ಟರು! ದೋಣಿಗಳು ಗಣಿಯೊಳಗೇ ಹೋಗಿ ಕಲ್ಲಿದ್ದಲು ತುಂಬಿಕೊಂಡು ಬರುತ್ತಿದ್ದವು. ಜೇಮ್ಸ್ ಬ್ರಿಂಡ್ಲಿ ಎಂಜಿನಿಯರ್ ಆಗಿದ್ದ ಈ ಕಾಲುವೆ 1761ರಲ್ಲಿ ಇರ್ವೆಲ್ ನದಿಯನ್ನು ಸೇತುವೆ ಮೇಲೆ ದಾಟಿತು. ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಕಾಲುವೆ ಕಟ್ಟಿಸಿದ ಖರ್ಚಿಗೆ ಡ್ಯೂಕ್ ಮಾತ್ರ ಸಾಲದಲ್ಲಿ ಮುಳುಗಿದ್ದ. ನಾಲೆ ನೀರಿಗೆ ಕಾಯುವ ನಮಗೆ ಇದು ಓದಲು ಮಜಾ, ಅಲ್ವಾ?

ಗಣಿಯೊಳಗೆ ದುಡಿದವರ ಬಗ್ಗೆ ಬರೆದದ್ದು ತೀರಾ ಕಡಿಮೆ. ಅದು ಬರೆದವರ ತಪ್ಪು, ಅಂಗಡಿಯದಲ್ಲ.

ಒಂದು ಸ್ಟಾರ್ ಕಳೆದದ್ದು ಕಾಲುವೆಯ ನಕ್ಷೆಗೆ. ಆ ಹಾಳೆಯೇ ಕಿತ್ತುಹೋಗಿತ್ತು. ಕೇಳಿದೆ. "ಅದಕ್ಕೇ ಸಾರ್ ಇನ್ನೂರು, ಇಲ್ಲಾಂದ್ರೆ ಐನೂರು" ಅಂದರು.