ಪರಿಹಾರದ ಹೊಣೆಯೋ, ಸುರಕ್ಷತಾ ನಿಯಮವೋ?

ಅಪಾಯದ ಕೆಲಸ ಮಾಡಿಸುವವರು ಎಚ್ಚರ ವಹಿಸುವಂತೆ ಮಾಡಲು ಎರಡು ದಾರಿಗಳಿವೆ. ಹಾನಿಯಾದ ಮೇಲೆ ಕೋರ್ಟಿನಲ್ಲಿ ಅವರಿಂದ ಪರಿಹಾರ ಕೊಡಿಸುವುದು ಒಂದು ದಾರಿ. ಮೊದಲೇ ನಿಯಮ ಹಾಕಿ ತಪಾಸಣೆ ಮಾಡುವುದು ಇನ್ನೊಂದು.

ಮೊದಲನೆಯದಕ್ಕೆ ಆಡಳಿತದ ಖರ್ಚು ಕಡಿಮೆ, ಅಪಘಾತ ಆದಾಗ ಮಾತ್ರ ಕೆಲಸ. ಅಪಾಯ ಎಲ್ಲಿದೆ ಅಂತ ಅಧಿಕಾರಿಗಿಂತ ಕೆಲಸ ಮಾಡಿಸುವವರಿಗೇ ಜಾಸ್ತಿ ಗೊತ್ತಿದ್ದರೆ ಇದನ್ನೇ ಆರಿಸಿ.

ಆದರೆ ವಿಷಾನಿಲದ ಟ್ಯಾಂಕ್ ಇಟ್ಟಿರುವ ಸಣ್ಣ ಕಂಪನಿಯನ್ನು ನೋಡಿ. ಸೋರಿದರೆ ಆಗುವ ಹಾನಿ ಅದರ ಒಟ್ಟು ಆಸ್ತಿಯ 10 ಪಟ್ಟು ಅಂದುಕೊಳ್ಳಿ. ಎಷ್ಟೇ ಪರಿಹಾರ ವಿಧಿಸಿದರೂ ಹಾನಿಯ ಹತ್ತರಲ್ಲಿ ಒಂದು ಪಾಲಷ್ಟೇ ವಸೂಲಾಗುತ್ತದೆ. ಮತ್ತೆ ಒಳ್ಳೆಯ ವಾಲ್ವ್‌ಗೆ ಅದು ಯಾಕೆ ದುಡ್ಡು ಹಾಕುತ್ತದೆ, ಅಲ್ವಾ? ಆಸ್ಬೆಸ್ಟಾಸ್ ಧೂಳಿನ ಕಾಯಿಲೆಯಂತೂ ದಶಕಗಳು ಕಳೆದ ಮೇಲೆ ಕಾಣಿಸುತ್ತದೆ. ಅಷ್ಟರಲ್ಲಿ ಕಂಪನಿಯೇ ಮುಚ್ಚಿರಬಹುದು. ಇಂಥ ಕಡೆ ನಿಯಮವೇ ಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ.

ಹಾಗಂತ ಪರಿಹಾರದ ಹೊಣೆಯನ್ನು ಕೈಬಿಡಬೇಡಿ. ನಿಯಮದಲ್ಲಿ ಬರೆಯದ ಎಚ್ಚರಿಕೆಯನ್ನೂ ಅದು ಮಾಡಿಸುತ್ತದೆ.