ಜಿಯೋಜಿಬ್ರಾ, ಫೆಟ್, ವಿಡಿಯೋ: ನಮ್ಮ ಲ್ಯಾಬಲ್ಲಿ ಯಾವುದು ನಡೀತು?

ಹೈಸ್ಕೂಲಲ್ಲಿ ಗಣಿತ, ವಿಜ್ಞಾನ ಎರಡೂ ನನ್ನ ತಲೆಗೇ. ನಲವತ್ತು ಮಕ್ಕಳು, ಓಡುವ ಕಂಪ್ಯೂಟರ್ ಆರು, ನೆಟ್ ಬಂದರೆ ಬಂತು. ಹೀಗಿದ್ದೂ ಒಂದು ವರ್ಷ ಜಿಯೋಜಿಬ್ರಾ, ಫೆಟ್, ವಿಡಿಯೋ ಮೂರನ್ನೂ ಪಾಠಕ್ಕೆ ಬಳಸಿ ನೋಡಿದೆ.

ವಿಡಿಯೋ ತುಂಬಾ ಸುಲಭ. ಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠ ಸಿಗುತ್ತದೆ. ಪ್ರೊಜೆಕ್ಟರ್ ಹಾಕಿದರೆ ಕ್ಲಾಸು ಗಪ್‌ಚಿಪ್. 'ಅರ್ಥ ಆಯ್ತಾ?' ಅಂದರೆ 'ಆಯ್ತು ಸಾರ್' ಅಂತ ಒಂದೇ ರಾಗ. ಮರುದಿನ ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಹಿಡಿದು ಸುಮ್ನೆ ನಿಲ್ಲುತ್ತಾರೆ. ಈಗ ಅದನ್ನು ರಿವಿಷನ್‌ಗೆ ಮಾತ್ರ ಇಟ್ಟಿದ್ದೇನೆ.

ಜಿಯೋಜಿಬ್ರಾದ ಕತೆ ಬೇರೆ. ಗಣಿತದ ಚಿತ್ರ ಬಿಡಿಸಿ, ಎಳೆದಾಡಿ ನೋಡುವ ಸಾಫ್ಟ್‌ವೇರ್ ಅದು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ನೆಟ್ ಬೇಡ. ಒಂಬತ್ತನೇ ಕ್ಲಾಸಿಗೆ ವೃತ್ತದ ಪಾಠ. ವೃತ್ತದ ಎರಡು ಬಿಂದು ಸೇರಿಸುವ ಗೆರೆ, ಅಂದರೆ ಜ್ಯಾ ಎಳೆದು, ಪರಿಧಿಯ ಮೇಲೆ ಒಂದು ಬಿಂದು ಇಟ್ಟೆವು. ಆ ಬಿಂದುವನ್ನು ಜ್ಯಾದ ಎರಡು ತುದಿಗೂ ಸೇರಿಸಿದಾಗ ಅಲ್ಲಿ ಬಂದ ಕೋನ 50 ಡಿಗ್ರಿ. ಬಿಂದುವನ್ನು ಎಷ್ಟು ಎಳೆದಾಡಿದರೂ 50 ಕದಲಲಿಲ್ಲ. ಒಬ್ಬ ಹುಡುಗಿ ಅದನ್ನು ಜ್ಯಾ ದಾಟಿಸಿ ಆಚೆ ಕಂಸಕ್ಕೆ ಒಯ್ದಳು. 230 ಅಂತ ಬಂತು! 'ಸಾರ್, ಇದು ಮೋಸ' ಅಂದಳು. ನನಗೂ ಗಾಬರಿ. ಆಮೇಲೆ ಗೊತ್ತಾಯ್ತು, ಅದು ಕೋನವನ್ನು ಹೊರಗಡೆಯಿಂದ ಅಳೆಯುತ್ತಿತ್ತು. ಸೆಟ್ಟಿಂಗ್‌ನಲ್ಲಿ 0ಯಿಂದ 180 ಅಂತ ಬದಲಿಸಿದೆ, 130 ತೋರಿಸಿತು. 'ಐವತ್ತೂ ನೂರಾಮೂವತ್ತೂ ಸೇರಿದರೆ ನೂರೆಂಬತ್ತು' ಅಂತ ಹಿಂದಿನಿಂದ ಯಾರೋ ಕೂಗಿದರು. ವೃತ್ತದೊಳಗಿನ ಚತುರ್ಭುಜದ ಎದುರುಬದುರು ಕೋನ ಸೇರಿದರೆ 180 ಅನ್ನುವ ಚಕ್ರೀಯ ಚತುರ್ಭುಜದ ಪ್ರಮೇಯ ನಾನು ಹೇಳುವ ಮುಂಚೆಯೇ ಬಂದುಬಿಟ್ಟಿತ್ತು.

ಫೆಟ್ ಅಂದರೆ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಸಿಮ್ಯುಲೇಷನ್‌ಗಳು, ಅಂದರೆ ಕಂಪ್ಯೂಟರಲ್ಲೇ ಮಾಡಿ ನೋಡುವ ಪ್ರಯೋಗಗಳು. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬ್ರೌಸರ್‌ನಲ್ಲೇ ತೆರೆಯುತ್ತವೆ. ವೈರಿನೊಳಗೆ ಎಲೆಕ್ಟ್ರಾನ್ ಹರಿಯುವುದನ್ನು ಚಾಕ್‌ಪೀಸಿನಲ್ಲಿ ತೋರಿಸೋಕೆ ಆಗಲ್ಲ ಅಲ್ವಾ? ಇಲ್ಲಿ ಕಾಣುತ್ತದೆ. ಹುಡುಗರಿಗೆ ಮಾತ್ರ ಶಾರ್ಟ್ ಮಾಡಿ ಬ್ಯಾಟರಿಗೆ ಬೆಂಕಿ ಹಚ್ಚುವುದರಲ್ಲೇ ಖುಷಿ. ಹತ್ತು ನಿಮಿಷ ಬಿಟ್ಟುಬಿಟ್ಟೆ, ಕರೆಂಟು ತಡೆಯುವ ರೆಸಿಸ್ಟರ್ ಯಾಕೆ ಬೇಕು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಒಂದೇ ತಕರಾರು: ಅದರ ಲೆಕ್ಕ ಜಾಸ್ತಿ ಚೊಕ್ಕ. 9 ವೋಲ್ಟ್, 10 ಓಮ್ ಇಟ್ಟರೆ ಕರೆಂಟು ಅಳೆಯುವ ಅಮ್ಮೀಟರ್ ಸರಿಯಾಗಿ 0.90 ಆಂಪಿಯರ್ ತೋರಿಸುತ್ತದೆ. ಮೇಜಿನ ಮೇಲೆ ನಿಜವಾದ ಸೆಲ್ ಇಟ್ಟು ಮಾಡಿದಾಗ ಮುಳ್ಳು ಅತ್ತಿತ್ತ ಆಡಿತು. 'ನಮ್ದು ತಪ್ಪಾಯ್ತು ಸಾರ್' ಅಂತ ಮಕ್ಕಳು ರೀಡಿಂಗ್ ಅಳಿಸಿ, ಫೆಟ್‌ನ ಉತ್ತರ ಬರೆದರು! ಅಂದಿನಿಂದ ಓಮ್‌ನ ನಿಯಮಕ್ಕೆ ಮೊದಲು ವೈರು, ಸೆಲ್ಲು, ರೀಡಿಂಗು ಪೆನ್ನಿನಲ್ಲಿ. ಕಂಪ್ಯೂಟರ್ ಆಮೇಲೆ.